ಆಡಿಯೊ ಎಂಜಿನಿಯರಿಂಗ್ ಸಮಾವೇಶ: ದಾವಣಗೆರೆ, ಚಿತ್ರದುರ್ಗದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಓದುವವರು, ಮೈಕ್ ಸೆಟ್ ಅಂಗಡಿಯಲ್ಲಿ ಕೆಲಸ ಕಲಿಯುವವರು, ನಾಟಕ ತಂಡಕ್ಕೆ ಸೌಂಡ್ ನೋಡಿಕೊಳ್ಳುವವರು ನನ್ನ ಹತ್ತಿರ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದ ಇದೆ, ಕೆಲವಕ್ಕೆ ಎರಡೇ ಸಾಲು. ನಿಮಗೆ ಬೇಕಾದ ಕಡೆಯಿಂದ ಓದಿಕೊಳ್ಳಿ.

ಈ ಸಮಾವೇಶ ಅಂದ್ರೆ ಏನು? ಯಾರು ನಡೆಸುತ್ತಾರೆ?

ಆಡಿಯೊ ಎಂಜಿನಿಯರಿಂಗ್ ಸೊಸೈಟಿ ಅಂತ ಒಂದು ಸಂಘ ಇದೆ. ಚಿಕ್ಕದಾಗಿ ಎಇಎಸ್. 1948ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಯಿತು. ಧ್ವನಿಮುದ್ರಣ ಮಾಡುವವರು, ಸ್ಪೀಕರ್ ಮತ್ತು ಮೈಕ್ ವಿನ್ಯಾಸ ಮಾಡುವವರು, ಸಂಶೋಧಕರು, ಮೇಷ್ಟ್ರುಗಳು, ವಿದ್ಯಾರ್ಥಿಗಳು ಎಲ್ಲರೂ ಅದರ ಸದಸ್ಯರು. ಡಿಜಿಟಲ್ ಮಿಕ್ಸರ್ ಹಿಂದೆ 'ಎಇಎಸ್' ಅಂತ ಬರೆದ ಜಾಕ್ ನೋಡಿರಬಹುದು. ಆ ಜೋಡಣೆಯ ಮಾನದಂಡ ಮಾಡಿದ್ದು ಈ ಸಂಘವೇ.

ಸಂಘದ ದೊಡ್ಡ ಸಮಾವೇಶಗಳು ಹೆಚ್ಚಾಗಿ ಯುರೋಪು ಮತ್ತು ಅಮೆರಿಕದಲ್ಲಿ ನಡೆಯುತ್ತವೆ. 2024ರಲ್ಲಿ ಮ್ಯಾಡ್ರಿಡ್ ಮತ್ತು ನ್ಯೂಯಾರ್ಕ್‌ನಲ್ಲಿ ಆಯಿತು. 2025ರಲ್ಲಿ ವಾರ್ಸಾ ಮತ್ತು ಅಮೆರಿಕದ ಲಾಂಗ್ ಬೀಚ್‌ನಲ್ಲಿ. ಒಂದು ಕಡೆ ಸಂಶೋಧನಾ ಪ್ರಬಂಧ ಓದುತ್ತಿರುತ್ತಾರೆ. ಇನ್ನೊಂದು ಕೋಣೆಯಲ್ಲಿ ಹೆಸರಾಂತ ಎಂಜಿನಿಯರ್ ಒಬ್ಬರು ತಮ್ಮ ಮಿಕ್ಸ್ ಬಿಚ್ಚಿ ತೋರಿಸುತ್ತಿರುತ್ತಾರೆ. ಉಪಕರಣಗಳ ಪ್ರದರ್ಶನವೂ ಇರುತ್ತದೆ. ಇದರ ಜೊತೆಗೆ ವಿದ್ಯಾರ್ಥಿಗಳಿಗೆ ಅಂತಲೇ ಬೇರೆ ಕಾರ್ಯಕ್ರಮಗಳ ಸಾಲು ಇರುತ್ತದೆ. ಇಲ್ಲಿ ಮುಖ್ಯವಾಗಿ ಅದರ ಬಗ್ಗೆಯೇ ಬರೆಯುತ್ತೇನೆ.

ನಾನು ದಾವಣಗೆರೆಯ ಬಿಐಇಟಿ ಎಂಜಿನಿಯರಿಂಗ್ ಕಾಲೇಜಲ್ಲಿ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ಓದ್ತಾ ಇದ್ದೀನಿ. ಆಡಿಯೊ ಕೋರ್ಸ್ ಅಲ್ಲ. ನನಗೆ ಅಲ್ಲಿ ಏನು ಕೆಲಸ?

ಬೇಕಾದಷ್ಟು ಇದೆ. ಸಿಗ್ನಲ್ ಪ್ರೊಸೆಸಿಂಗ್ ಪಾಠದಲ್ಲಿ ನೀವು ಓದುವ ಫಿಲ್ಟರ್, ಸ್ಯಾಂಪ್ಲಿಂಗ್, ಫೂರಿಯೆ ಅಲ್ಲಿ ಇಡೀ ದಿನ ಬಳಕೆಯಲ್ಲಿರುತ್ತವೆ. ನೀವು ಬೋರ್ಡಿನ ಮೇಲೆ ನೋಡಿದ ಸಮೀಕರಣವನ್ನು ಅಲ್ಲಿ ಕಿವಿಯಲ್ಲಿ ಕೇಳುತ್ತೀರಿ. ಬಿಐಇಟಿ ಆಗಲಿ, ಯುಬಿಡಿಟಿ ಆಗಲಿ, ದುರ್ಗದ ಎಸ್‌ಜೆಎಂಐಟಿ ಆಗಲಿ, ಎಲೆಕ್ಟ್ರಾನಿಕ್ಸ್ ಓದುವವರಿಗೆ ಧ್ವನಿ ಒಂದು ಒಳ್ಳೆಯ ದಾರಿ. ಆದರೆ ಆ ದಾರಿ ಇದೆ ಅಂತ ಕಾಲೇಜಿನಲ್ಲಿ ಹೇಳುವವರೇ ಕಡಿಮೆ. ಕ್ಯಾಂಪಸ್ ಸಂದರ್ಶನಕ್ಕೆ ಸಾಫ್ಟ್‌ವೇರ್ ಕಂಪನಿ ಬರುತ್ತದೆ, ಎಲ್ಲರೂ ಆ ಕಡೆ ನಡೆಯುತ್ತಾರೆ. ಶ್ರವಣ ಸಾಧನ, ಮೊಬೈಲ್ ಮೈಕ್, ಕಾರಿನ ಒಳಗಿನ ಸ್ಪೀಕರ್, ಸಭೆಯಲ್ಲಿ ಎಕೋ ತೆಗೆಯುವ ಸಾಫ್ಟ್‌ವೇರ್, ಇವೆಲ್ಲ ಧ್ವನಿ ಎಂಜಿನಿಯರ್‌ಗಳ ಕೆಲಸವೇ. ಇಂಥ ಕೆಲಸ ಇದೆ ಅಂತ ಗೊತ್ತಾಗುವುದಕ್ಕಾದರೂ ಸಮಾವೇಶದ ಕಾರ್ಯಕ್ರಮ ಪಟ್ಟಿಯನ್ನು ಒಮ್ಮೆ ಪೂರ್ತಿ ಓದಿ.

ವಿದ್ಯಾರ್ಥಿಗಳಿಗೆ ಅಂತಲೇ ಏನೇನು ಇರುತ್ತೆ?

ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುತ್ತದೆ, ಆದರೆ ಮುಖ್ಯವಾದವು ಹೀಗಿವೆ. ಮೊದಲನೆಯದು ಸ್ಟೂಡೆಂಟ್ ಡೆಲಿಗೇಟ್ ಅಸೆಂಬ್ಲಿ. ಇದು ವಿದ್ಯಾರ್ಥಿಗಳೇ ನಡೆಸುವ ಸಭೆ. ಬೇರೆ ಬೇರೆ ದೇಶಗಳ ವಿದ್ಯಾರ್ಥಿ ಘಟಕಗಳಿಂದ ಪ್ರತಿನಿಧಿಗಳು ಬರುತ್ತಾರೆ, ಪದಾಧಿಕಾರಿಗಳನ್ನು ಆರಿಸುತ್ತಾರೆ. ಮೊದಲ ಸಲ ಹೋದವರು ಇದರ ಆರಂಭದ ಸಭೆಯನ್ನು ತಪ್ಪಿಸಬಾರದು. ಪರಿಚಯ ಆಗುವುದೇ ಅಲ್ಲಿ, ಆಮೇಲಿನ ದಿನಗಳಲ್ಲಿ ಊಟಕ್ಕೆ ಜೊತೆ ಸಿಗುವುದೂ ಅಲ್ಲಿಂದಲೇ.

ಎರಡನೆಯದು ರೆಕಾರ್ಡಿಂಗ್ ಸ್ಪರ್ಧೆ. ಮೂರನೆಯದು ವಿನ್ಯಾಸ ಸ್ಪರ್ಧೆ, ಅಂದರೆ ನೀವೇ ಕಟ್ಟಿದ ಸರ್ಕೀಟು, ಸ್ಪೀಕರ್, ಸಾಫ್ಟ್‌ವೇರ್ ತೋರಿಸುವುದು. ಕಾಲೇಜುಗಳು ಮತ್ತು ಕಂಪನಿಗಳು ಮೇಜು ಹಾಕಿಕೊಂಡು ಕೂರುವ ಶಿಕ್ಷಣ ಮತ್ತು ಉದ್ಯೋಗ ಮೇಳವೂ ಇರುತ್ತದೆ. ಅನುಭವಿಗಳ ಜೊತೆ ಒಬ್ಬೊಬ್ಬರೇ ಕೂತು ಮಾತಾಡುವ ಮಾರ್ಗದರ್ಶನದ ಅವಧಿಯೂ ಉಂಟು. ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ರೆಕಾರ್ಡಿಂಗ್ ಕ್ರಿಟಿಕ್. ಅದರ ಬಗ್ಗೆ ಮುಂದೆ ಬರೆದಿದ್ದೇನೆ.

ಸ್ವಯಂಸೇವಕರಾದರೆ ಫ್ರೀ ಅಂತ ಕೇಳಿದೆ, ನಿಜಾನಾ?

ನಿಜ. ನಿಗದಿ ಮಾಡಿದ ಗಂಟೆಗಳಷ್ಟು ಕೆಲಸ ಮಾಡಿದ ವಿದ್ಯಾರ್ಥಿಗಳಿಗೆ ಪ್ರವೇಶ ಶುಲ್ಕ ಬಿಡುವ ಪದ್ಧತಿ ಇದೆ. ಕೋಣೆಯ ಬಾಗಿಲಲ್ಲಿ ನಿಲ್ಲುವುದು, ಭಾಷಣ ಮಾಡುವವರಿಗೆ ಮೈಕ್ ಸರಿ ಮಾಡಿಕೊಡುವುದು, ಬ್ಯಾಡ್ಜ್ ಹಂಚುವುದು, ಹೀಗೆ ಕೆಲಸ. ವಿಮಾನದ ಖರ್ಚು, ಉಳಿಯುವ ಖರ್ಚು ಮಾತ್ರ ನಿಮ್ಮದೇ. ಜಾಗ ಬೇಗ ತುಂಬುತ್ತದೆ, ಹಾಗಾಗಿ ಅರ್ಜಿ ಕರೆದ ಕೂಡಲೇ ಹಾಕಿ.

ಕ್ರಿಟಿಕ್ ಅಂದ್ರೆ ಬೈಸಿಕೊಳ್ಳೋದಾ? ಭಯ ಆಗುತ್ತೆ.

ಬೈಯುವುದಿಲ್ಲ. ನೀವು ಮಾಡಿದ ರೆಕಾರ್ಡಿಂಗನ್ನು ಒಂದು ಒಳ್ಳೆಯ ಕೋಣೆಯಲ್ಲಿ, ಒಳ್ಳೆಯ ಸ್ಪೀಕರಿನಲ್ಲಿ ಹಾಕುತ್ತಾರೆ. ಮುಂದೆ ಕೆಲಸದಲ್ಲಿ ಪಳಗಿದ ಒಬ್ಬಿಬ್ಬರು ಕೂತಿರುತ್ತಾರೆ. ಸುತ್ತ ಬೇರೆ ವಿದ್ಯಾರ್ಥಿಗಳು. ಹಾಡು ಮುಗಿದ ಮೇಲೆ ಅವರು ಕೇಳುತ್ತಾರೆ: ಈ ದನಿಯನ್ನು ಎಡಗಡೆ ಯಾಕೆ ಇಟ್ಟಿದ್ದೀರಿ? ಇಲ್ಲಿ ರಿವರ್ಬ್, ಅಂದರೆ ಕೋಣೆಯ ಗುಂಗು, ಯಾಕೆ ಬೇಕಾಯಿತು? ನೀವು ಉತ್ತರ ಹೇಳಬೇಕು.

ಇದು ನಮ್ಮ ಕಡೆಯ ಹುಡುಗರಿಗೆ ಸಿಗದೇ ಇರುವ ಅವಕಾಶ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಇಲ್ಲಿ ಯಾರಿಗಾದರೂ ಕೇಳಿಸಿದರೆ 'ಸೂಪರ್ ಕಣೋ' ಅನ್ನುತ್ತಾರೆ, ಇಲ್ಲಾ 'ಬೇಸ್ ಜಾಸ್ತಿ ಮಾಡು' ಅನ್ನುತ್ತಾರೆ. ಎರಡರಿಂದಲೂ ಕಲಿಯುವುದಕ್ಕೆ ಏನೂ ಸಿಗುವುದಿಲ್ಲ. ಕೆಲಸ ಬಲ್ಲ ಅಪರಿಚಿತರೊಬ್ಬರು ನಿಮ್ಮ ಕೆಲಸವನ್ನು ಗಮನ ಕೊಟ್ಟು ಕೇಳಿ, ಎಲ್ಲಿ ಕಿವಿ ಎಡವಿತು ಅಂತ ಹೇಳುವುದೇ ಬೇರೆ.

ಒಂದು ಉದಾಹರಣೆ ಕೊಡುತ್ತೇನೆ. ಡೊಳ್ಳಿಗೆ ಎರಡು ಮುಖ. ಒಂದಕ್ಕೆ ಕೋಲು, ಇನ್ನೊಂದಕ್ಕೆ ಕೈ. ರೆಕಾರ್ಡ್ ಮಾಡುವವರು ಎರಡೂ ಕಡೆ ಒಂದೊಂದು ಮೈಕ್ ಇಡುತ್ತಾರೆ. ಬೇರೆ ಬೇರೆಯಾಗಿ ಕೇಳಿದರೆ ಎರಡೂ ಚೆನ್ನಾಗಿರುತ್ತದೆ. ಸೇರಿಸಿದ ಕೂಡಲೇ ಆ 'ಢಂ' ಸೊರಗಿ ಹೋಗುತ್ತದೆ. ಯಾಕೆ? ಕೋಲು ಬಿದ್ದ ಕ್ಷಣ ಆ ಕಡೆಯ ಚರ್ಮ ಒಳಗೆ ಹೋಗುತ್ತದೆ, ಅಂದರೆ ಅದರ ಮೈಕಿನಿಂದ ದೂರ. ಒಳಗಿನ ಗಾಳಿ ತಳ್ಳಿ ಈ ಕಡೆಯ ಚರ್ಮ ಹೊರಗೆ ಉಬ್ಬುತ್ತದೆ, ಅಂದರೆ ಇದರ ಮೈಕಿನ ಹತ್ತಿರ. ಎರಡು ಸಿಗ್ನಲ್ ಒಂದಕ್ಕೊಂದು ಉಲ್ಟಾ, ಹಾಗಾಗಿ ಕೆಳಗಿನ ದನಿ ಕಳೆದುಹೋಗುತ್ತದೆ. ಒಂದು ಚಾನೆಲ್ಲಿನ ಪೊಲಾರಿಟಿ ಬಟನ್ (ಸಿಗ್ನಲನ್ನು ಉಲ್ಟಾ ಮಾಡುವ ಬಟನ್) ಒತ್ತಿದರೆ ಢಂ ವಾಪಸ್ ಬರುತ್ತದೆ. ಇದು ಗೊತ್ತಿಲ್ಲದವರು ಇಡೀ ದಿನ ಈಕ್ವಲೈಸರ್ ತಿರುಗಿಸುತ್ತಾ ಕೂರುತ್ತಾರೆ. ಕ್ರಿಟಿಕ್‌ನಲ್ಲಿ ಕೂತವರು ಇಂಥದ್ದನ್ನು ಮೊದಲ ಏಟಿಗೇ ಹಿಡಿಯುತ್ತಾರೆ.

ಹೋಗುವಾಗ ಮುಗಿದ ಮಿಕ್ಸ್ ಒಂದೇ ಅಲ್ಲ, ಯಾವ ಮೈಕ್ ಎಲ್ಲಿ ಇಟ್ಟಿದ್ದಿರಿ ಅನ್ನುವ ಫೋಟೊ ಮತ್ತು ಒಂದು ಪುಟದ ಟಿಪ್ಪಣಿ ಇಟ್ಟುಕೊಂಡು ಹೋಗಿ. ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳಿ, ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ರೆಕಾರ್ಡಿಂಗ್ ಸ್ಪರ್ಧೆಗೆ ಹೇಗೆ ಕಳಿಸೋದು?

ಮೊದಲು ಎಇಎಸ್ ವಿದ್ಯಾರ್ಥಿ ಸದಸ್ಯರಾಗಬೇಕು. ಸದಸ್ಯತ್ವದ ಶುಲ್ಕ ವಿದ್ಯಾರ್ಥಿಗಳಿಗೆ ಕಡಿಮೆ. ಸ್ಪರ್ಧೆಯಲ್ಲಿ ಬೇರೆ ಬೇರೆ ವಿಭಾಗಗಳಿವೆ: ಅಕೌಸ್ಟಿಕ್ ವಾದ್ಯಗಳ ಸಾಂಪ್ರದಾಯಿಕ ರೆಕಾರ್ಡಿಂಗ್, ಸ್ಟುಡಿಯೊ ರೆಕಾರ್ಡಿಂಗ್, ಕಂಪ್ಯೂಟರಿನಲ್ಲೇ ಹೆಚ್ಚು ಕಟ್ಟಿದ ಆಧುನಿಕ ಸಂಗೀತ, ದೃಶ್ಯಕ್ಕೆ ಧ್ವನಿ, ಹೀಗೆ. ಅಂತಿಮ ಸುತ್ತಿಗೆ ಬಂದವರು ತೀರ್ಪುಗಾರರ ಮುಂದೆ ತಮ್ಮ ಕೆಲಸ ಕೇಳಿಸಿ, ಹೇಗೆ ಮಾಡಿದೆವು ಅಂತ ವಿವರಿಸುತ್ತಾರೆ. ಚಿನ್ನ, ಬೆಳ್ಳಿ, ಕಂಚು ಇದೆ.

ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಓದಬೇಕು. ಹಳೆಯ ವರ್ಷದ್ದನ್ನು ನೋಡಿ ಕಳಿಸಬೇಡಿ. ಇನ್ನೊಂದು ಮಾತು. ಹಾಡಿದವರ, ನುಡಿಸಿದವರ ಒಪ್ಪಿಗೆ ಬರಹದಲ್ಲಿ ಇರಲಿ. ಜನಪದ ಕಲಾವಿದರ ವಿಷಯದಲ್ಲಂತೂ ಇದನ್ನು ಬಿಡಲೇಬಾರದು. 'ಅಜ್ಜ ಏನೂ ಅನ್ನಲ್ಲ ಬಿಡಿ ಸಾರ್' ಅನ್ನುವವರನ್ನು ನೋಡಿದ್ದೇನೆ. ಅಜ್ಜ ಏನೂ ಅನ್ನದಿರಬಹುದು, ಆದರೆ ಆ ಹಾಡು ಎಲ್ಲಿಗೆ ಹೋಗುತ್ತದೆ ಅಂತ ತಿಳಿಯುವ ಹಕ್ಕು ಅವರಿಗಿದೆ. ಅವರ ಹೆಸರು ಹಾಕಿ, ಸಂಭಾವನೆ ಕೊಡಿ, ರೆಕಾರ್ಡಿಂಗಿನ ಒಂದು ಪ್ರತಿ ಅವರ ಮನೆಗೆ ತಲುಪಿಸಿ.

ನಮ್ಮೂರಲ್ಲಿ ರೆಕಾರ್ಡ್ ಮಾಡೋಕೆ ಏನಿದೆ? ಸ್ಟುಡಿಯೊನೇ ಇಲ್ಲ.

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಆಶ್ಚರ್ಯ ಆಗುತ್ತದೆ. ವಿದ್ಯಾರ್ಥಿಗಳ ಸ್ಪರ್ಧೆಗೆ ರಾಕ್ ಬ್ಯಾಂಡು, ಜಾಜ್, ಪಿಯಾನೊ ಬೇಕಾದಷ್ಟು ಬರುತ್ತವೆ. ಕಾಡುಗೊಲ್ಲರ ಗಣೆ ಎಷ್ಟು ಜನ ಕಳಿಸಿಯಾರು ಹೇಳಿ?

ಗಣೆ ಉದ್ದನೆಯ ಬಿದಿರಿನ ಕೊಳಲು. ಕಾಡುಗೊಲ್ಲರ ದೈವ ಜುಂಜಪ್ಪನ ಕಥೆ ಹಾಡುವಾಗ ಅದು ಇರಲೇಬೇಕು. ಅದರ ದನಿಯಲ್ಲಿ ಉಸಿರು ಜಾಸ್ತಿ, ಸ್ವರ ಅದರ ಒಳಗಿಂದ ಮೆಲ್ಲಗೆ ಎದ್ದು ಬರುತ್ತದೆ. ಮೈಕನ್ನು ಬಾಯಿಯ ನೇರಕ್ಕೆ ಇಟ್ಟರೆ ಬರೀ ಫೂ ಫೂ ಕೇಳಿಸುತ್ತದೆ. ತುಂಬಾ ದೂರ ಇಟ್ಟರೆ ಉಸಿರೇ ಇಲ್ಲದ ಸಾದಾ ಕೊಳಲಾಗುತ್ತದೆ. ಗಾಳಿ ಹೊರಡುವ ದಿಕ್ಕಿನಿಂದ ಮೈಕನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ವಾದ್ಯದ ಮಧ್ಯಭಾಗದ ಕಡೆ ಮುಖ ಮಾಡಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಾಲ್ಕು ಬೆರಳು ಆಚೆ, ನಾಲ್ಕು ಬೆರಳು ಈಚೆ ಆಡಿಸಿ ನೋಡಿ. ಉಸಿರು ಮತ್ತು ಸ್ವರ ಎರಡೂ ಸರಿಯಾಗಿ ಸಿಗುವ ಒಂದು ಜಾಗ ಇರುತ್ತದೆ. ಅದನ್ನು ಹುಡುಕುವುದೇ ಕೆಲಸ. ಕೇಳುತ್ತಾ ಬೇಲಿ ಆಚೆಯ ಪಂಪ್‌ಸೆಟ್ಟು, ಫ್ಯಾನು, ಹೆದ್ದಾರಿಯ ಲಾರಿ ಎಲ್ಲ ಗಮನಕ್ಕೆ ಬರುತ್ತವೆ. ಮುಂಜಾನೆ ಮಾಡಿದರೆ ಒಳ್ಳೆಯದು.

ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಲ್ಲಿ ಬಯಲು ರಂಗಮಂದಿರ ಇದೆ. ಅಲ್ಲಿನ ನಾಟಕೋತ್ಸವಕ್ಕೆ ನಾಡಿನ ಎಲ್ಲ ಕಡೆಯಿಂದ ಜನ ಬರುತ್ತಾರೆ. ಅಲ್ಲಿಂದ ಹೊರಡುವ ಶಿವಸಂಚಾರ ತಂಡ ಊರೂರು ತಿರುಗಿ ನಾಟಕ ಆಡುತ್ತದೆ. ತಂಡದವರ ಅನುಮತಿ ಕೇಳಿ, ಒಂದು ರಂಗಗೀತೆಯನ್ನು ಬಯಲಲ್ಲಿ ಎರಡೇ ಮೈಕಿನಲ್ಲಿ ಹಿಡಿಯಲು ನೋಡಿ. ಓಆರ್‌ಟಿಎಫ್ ಅಂತ ಒಂದು ಜೋಡಣೆ ಇದೆ: ಎರಡು ಕಾರ್ಡಿಯಾಯ್ಡ್ ಮೈಕ್ (ಮುಂದಿನ ದನಿಯನ್ನು ಹೆಚ್ಚು ಹಿಡಿಯುವ ಮೈಕ್), ತಲೆಗಳ ನಡುವೆ 17 ಸೆಂಟಿಮೀಟರ್, ಮುಖಗಳ ನಡುವೆ 110 ಡಿಗ್ರಿ. ಹೆಚ್ಚುಕಡಿಮೆ ನಮ್ಮ ಎರಡು ಕಿವಿಯ ಅಂತರ. ಮೇಳ ಎಡದಿಂದ ಬಲಕ್ಕೆ ನಡೆದದ್ದು ಕೇಳುವವನಿಗೆ ಕಣ್ಣಿಗೆ ಕಟ್ಟಿದ ಹಾಗೆ ಬರುತ್ತದೆ. ದಾವಣಗೆರೆಗೆ ಕಂಪನಿ ನಾಟಕದ ದೊಡ್ಡ ಪರಂಪರೆ ಇದೆ, ವೃತ್ತಿ ರಂಗಭೂಮಿಗೆ ಅಂತಲೇ ಒಂದು ರಂಗಾಯಣವೂ ಇಲ್ಲಿದೆ. ಕಾಲು ಪೆಟಿಗೆಯ ಹಾರ್ಮೋನಿಯಂ, ತಬಲಾ, ಕಂದಪದ್ಯ ಹಾಡುವ ನಟ. ಇಷ್ಟಿದ್ದರೆ ಸಾಂಪ್ರದಾಯಿಕ ಅಕೌಸ್ಟಿಕ್ ವಿಭಾಗಕ್ಕೆ ಬೇರೇನೂ ಬೇಡ.

ಕೋಟೆಯಲ್ಲಿ ರೆಕಾರ್ಡ್ ಮಾಡಬಹುದಾ ಅಂತ ಕೆಲವರು ಕೇಳುತ್ತಾರೆ. ಚಿತ್ರದುರ್ಗದ ಕೋಟೆ ಸಂರಕ್ಷಿತ ಸ್ಮಾರಕ. ಸ್ಟ್ಯಾಂಡು, ಕೇಬಲ್ ಎಲ್ಲ ಹೊತ್ತುಕೊಂಡು ಹೋಗುವ ಮುಂಚೆ ಪುರಾತತ್ವ ಇಲಾಖೆಯ ಅನುಮತಿ ತೆಗೆದುಕೊಳ್ಳಿ.

ಮೈಕ್, ಇಂಟರ್‌ಫೇಸ್ ಕೊಳ್ಳೋಕೆ ದುಡ್ಡಿಲ್ಲ. ಮೊಬೈಲಲ್ಲಿ ಆಗುತ್ತಾ?

ಕಲಿಯುವುದಕ್ಕೆ ಆಗುತ್ತದೆ. ಸ್ಪರ್ಧೆಗೆ ಕಷ್ಟ. ಕೈಯಲ್ಲಿ ಹಿಡಿಯುವ ಸ್ಟೀರಿಯೊ ರೆಕಾರ್ಡರ್ ಒಂದನ್ನು ನಾಲ್ಕು ಜನ ಸೇರಿ ತೆಗೆದುಕೊಂಡರೆ ಸಾಕಾಗುತ್ತದೆ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಇಡಿ. ಮಟ್ಟವನ್ನು ಏರಿಸಿಕೊಂಡು ಕೂರಬೇಡಿ. ಜೋರು ಏಟು ಬಂದಾಗಲೂ ಮೀಟರ್ ಮೈನಸ್ 6 ಡೆಸಿಬೆಲ್‌ನ ಕೆಳಗೇ ಇರಲಿ. 24 ಬಿಟ್‌ನಲ್ಲಿ ಆಮೇಲೆ ಏರಿಸಿದರೆ ಏನೂ ಕೆಡುವುದಿಲ್ಲ, ಆದರೆ ಮೇಲೆ ಹೊಡೆದು ಒಡೆದ ದನಿಯನ್ನು ಸರಿ ಮಾಡಲು ಬರುವುದಿಲ್ಲ. ಸಾಫ್ಟ್‌ವೇರಿಗೆ ದುಡ್ಡು ಹಾಕಬೇಕಾಗಿಲ್ಲ. ಆಡಾಸಿಟಿ ಉಚಿತ. ಕೋಣೆ, ಸ್ಪೀಕರ್ ಅಳೆಯಲು ರೂಮ್ ಈಕ್ಯೂ ವಿಝರ್ಡ್ ಕೂಡ ಉಚಿತ. ಕದ್ದ ಸಾಫ್ಟ್‌ವೇರ್ ಹಾಕಿಕೊಂಡು ಸ್ಪರ್ಧೆಗೆ ಹೋಗಬೇಡಿ.

ಪ್ಲಗಿನ್ ಬರೆಯೋ ಸ್ಪರ್ಧೆಯೂ ಇದೆಯಂತೆ?

ಮ್ಯಾಟ್‌ಲ್ಯಾಬ್‌ನಲ್ಲಿ ಆಡಿಯೊ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರಿನ ಒಳಗೆ ಸೇರಿಕೊಂಡು ಕೆಲಸ ಮಾಡುವ ಚಿಕ್ಕ ಪ್ರೋಗ್ರಾಂ) ಬರೆಯುವ ವಿದ್ಯಾರ್ಥಿ ಸ್ಪರ್ಧೆ ಕೆಲವು ಸಮಾವೇಶಗಳಲ್ಲಿ ನಡೆದಿದೆ. ಎಂಜಿನಿಯರಿಂಗ್ ಓದುವವರಿಗೆ ಇದು ತುಂಬಾ ಹೊಂದುತ್ತದೆ, ಯಾಕೆಂದರೆ ಲ್ಯಾಬಿನಲ್ಲಿ ಮ್ಯಾಟ್‌ಲ್ಯಾಬ್ ಹೇಗೂ ಕಲಿಯುತ್ತೀರಿ. ಫೈನಲ್ ಇಯರ್ ಪ್ರಾಜೆಕ್ಟಿಗೆ ಅದೇ ಹಳೆಯ ಟ್ರಾಫಿಕ್ ಲೈಟು, ನೀರಿನ ಮಟ್ಟದ ಅಲಾರಂ ಮಾಡುವ ಬದಲು, ಒಂದು ಉಪಯೋಗದ ಪ್ಲಗಿನ್ ಬರೆಯಿರಿ. ತಂಬೂರಿ ಶ್ರುತಿಗೆ ಹಾಡುಗಾರ ಎಷ್ಟು ಹೊಂದಿದ್ದಾನೆ ಅಂತ ತೋರಿಸುವ ಮೀಟರ್, ಜನರೇಟರಿನ 50 ಹರ್ಟ್ಸ್ ಗುಂಯ್ ಅನ್ನುವುದನ್ನೂ ಅದರ ಮರಿಗಳಾದ 100, 150 ಹರ್ಟ್ಸ್‌ಗಳನ್ನೂ ಹಿಂಬಾಲಿಸಿ ತೆಗೆಯುವ ಫಿಲ್ಟರ್. ಜನರೇಟರಿನ ವೇಗ ಏರಿಳಿದಾಗ ಆ 50 ಕೂಡ ಆಚೀಚೆ ಆಗುತ್ತದಲ್ವಾ? ಹಾಗಾಗಿ ಒಂದೇ ಜಾಗದಲ್ಲಿ ನಿಂತ ಫಿಲ್ಟರ್ ಸಾಲದು. ಇಲ್ಲೇ ನಿಜವಾದ ಎಂಜಿನಿಯರಿಂಗ್ ಇದೆ. ನಮ್ಮೂರ ಜಾತ್ರೆಯಲ್ಲಿ ಕಂಡ ತೊಂದರೆಯನ್ನೇ ಬಿಡಿಸಿಕೊಂಡು ಹೋದರೆ ತೀರ್ಪುಗಾರರು ಕಿವಿಗೊಟ್ಟು ಕೇಳುತ್ತಾರೆ.

ನಾನು ಮೈಕ್ ಸೆಟ್ ಅಂಗಡಿಯಲ್ಲಿ ಕೆಲಸ ಮಾಡ್ತೀನಿ. ಡಿಗ್ರಿ ಇಲ್ಲ. ಇದೆಲ್ಲ ನನಗೆ ಅರ್ಥ ಆಗುತ್ತಾ?

ಅಣ್ಣಾ, ನಿಮಗೆ ಬೇಗ ಅರ್ಥ ಆಗುತ್ತದೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಕಾರ್ಯಕ್ರಮಕ್ಕೆ ಬಾಕ್ಸ್ ಕಟ್ಟಿದ್ದೀರಿ ಅಂದುಕೊಳ್ಳಿ. ವೇದಿಕೆಯಿಂದ 35 ಮೀಟರ್ ಹಿಂದೆ ಇನ್ನೊಂದು ಜೋಡಿ ಬಾಕ್ಸ್ ಇಟ್ಟಿದ್ದೀರಿ. ಹಿಂದೆ ಕೂತವರಿಗೆ ಮಾತು ಎರಡೆರಡು ಸಲ ಕೇಳಿಸುತ್ತದೆ. ವೇದಿಕೆಯ ದನಿ ಗಾಳಿಯಲ್ಲಿ ನಡೆದು ಬರಬೇಕು, ತಂತಿಯಲ್ಲಿ ಬಂದದ್ದು ತಕ್ಷಣ ಬಂದುಬಿಡುತ್ತದೆ. ಅದಕ್ಕೇ ಹಿಂದಿನ ಬಾಕ್ಸಿಗೆ ಡಿಲೇ ಕೊಡುತ್ತೇವೆ, ಅಂದರೆ ಅದರ ದನಿ ಸ್ವಲ್ಪ ತಡವಾಗಿ ಹೊರಡುವ ಹಾಗೆ ಮಾಡುತ್ತೇವೆ.

ಎಷ್ಟು ಕೊಡಬೇಕು? ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್. ಬಿಸಿ ಏರಿದ ಹಾಗೆ ವೇಗವೂ ಏರುತ್ತದೆ, ಡಿಗ್ರಿಗೆ ಸುಮಾರು 0.6 ಮೀಟರ್. ಮಧ್ಯಾಹ್ನ 38 ಡಿಗ್ರಿ ಬಿಸಿಲಲ್ಲಿ ನಿಂತು ಹೊಂದಿಸಿದರೆ 35 ಮೀಟರಿಗೆ 99 ಮಿಲಿಸೆಕೆಂಡ್ ಬರುತ್ತದೆ. ರಾತ್ರಿ 24 ಡಿಗ್ರಿಗೆ ಇಳಿದಾಗ ಅದೇ ದೂರಕ್ಕೆ 101 ಬೇಕು. ಬರೀ ಎರಡು ಮಿಲಿಸೆಕೆಂಡ್ ತಾನೇ ಅನ್ನಿಸಬಹುದು. ಆದರೆ 250 ಹರ್ಟ್ಸ್‌ಗೆ ಅದು ಅರ್ಧ ಅಲೆ. ಎರಡು ಕಡೆಯ ದನಿ ಸಮ ಜೋರಾಗಿ ಬರುವ ಜಾಗದಲ್ಲಿ ಅವು ಒಂದನ್ನೊಂದು ಅಳಿಸಿಬಿಡುತ್ತವೆ, ಗಂಡು ದನಿಯ ತೂಕ ಹೋಗುತ್ತದೆ. 'ಮಧ್ಯಾಹ್ನ ಚೆನ್ನಾಗಿತ್ತು, ರಾತ್ರಿ ಯಾಕೋ ಸರಿಯಿಲ್ಲ' ಅಂತ ನಿಮಗೆ ಅನುಭವದಲ್ಲಿ ಗೊತ್ತಿರುವ ಸಂಗತಿಗೆ ಇದೂ ಒಂದು ಕಾರಣ. ಸಮಾವೇಶದ ಲೈವ್ ಸೌಂಡ್ ಅವಧಿಗಳಲ್ಲಿ ಮಾತಾಡುವುದು ಇದೇ ಥರದ ವಿಷಯ. ಓದಿದವರಿಗೆ ಲೆಕ್ಕ ಗೊತ್ತಿರುತ್ತದೆ, ನಿಮಗೆ ಆ ಜಾಗದಲ್ಲಿ ನಿಂತು ಕೇಳಿದ ಕಿವಿ ಇರುತ್ತದೆ. ವಿದ್ಯಾರ್ಥಿ ಸ್ಪರ್ಧೆಗಳಿಗೆ ಮಾತ್ರ ಯಾವುದಾದರೂ ಕೋರ್ಸಿಗೆ ಸೇರಿರಬೇಕು.

ಇಂಗ್ಲಿಷ್ ಅಷ್ಟಕ್ಕಷ್ಟೇ. ನಡೆಯುತ್ತಾ?

ನಡೆಯುತ್ತದೆ. ಅಲ್ಲಿಗೆ ಬರುವವರಲ್ಲಿ ತುಂಬಾ ಜನರಿಗೆ ಇಂಗ್ಲಿಷ್ ಮನೆಮಾತಲ್ಲ. ನಿಮ್ಮ ರೆಕಾರ್ಡಿಂಗ್ ಬಗ್ಗೆ ಎರಡು ನಿಮಿಷ ಮಾತಾಡುವಷ್ಟು ಮೊದಲೇ ಬರೆದು, ಗೆಳೆಯರ ಮುಂದೆ ಜೋರಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಿ.

ಖರ್ಚು ಎಷ್ಟಾಗುತ್ತೆ? ನಮ್ಮಂಥವರಿಗೆ ವಿದೇಶ ಆಗುತ್ತಾ?

ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ವಿದೇಶದ ಸಮಾವೇಶ ದುಬಾರಿ. ವಿಮಾನ, ವೀಸಾ, ಉಳಿಯುವುದು ಎಲ್ಲ ಸೇರಿದರೆ ಮಧ್ಯಮ ವರ್ಗದ ಮನೆಗೆ ಹೊರೆಯೇ. ಸಾಲ ಮಾಡಿ ಹೋಗಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಸ್ಪರ್ಧೆಯಲ್ಲಿ ಅಂತಿಮ ಸುತ್ತಿಗೆ ಬಂದರೆ ಆ ಪತ್ರ ಇಟ್ಟುಕೊಂಡು ಕಾಲೇಜಿನ ಆಡಳಿತ ಮಂಡಳಿಯನ್ನು, ಊರಿನ ದಾನಿಗಳನ್ನು ಕೇಳಿ. ಬರೀ 'ಹೋಗಬೇಕು' ಅನ್ನುವವರಿಗಿಂತ 'ಆಯ್ಕೆ ಆಗಿದ್ದೇನೆ' ಅನ್ನುವವರಿಗೆ ಕೊಡುವ ಕೈ ಬೇಗ ಮುಂದೆ ಬರುತ್ತದೆ. ಅಮೆರಿಕದ ವೀಸಾ ಸಂದರ್ಶನಕ್ಕೆ ದಿನ ಸಿಗುವುದೇ ತಡ. ಪಾಸ್‌ಪೋರ್ಟ್ ಈಗಲೇ ಮಾಡಿಸಿಡಿ.

ಅದಕ್ಕಿಂತ ಮೊದಲು ಮುಂಬೈಗೆ ಹೋಗಿ ಬನ್ನಿ. ಅಲ್ಲಿ ಪಾಮ್ ಎಕ್ಸ್‌ಪೋ ಅಂತ ಧ್ವನಿ, ಬೆಳಕಿನ ದೊಡ್ಡ ಮೇಳ ಗೋರೆಗಾಂವ್‌ನಲ್ಲಿ ನಡೆಯುತ್ತದೆ. ಸಾಮಾನ್ಯವಾಗಿ ಮೇ ತಿಂಗಳ ಕೊನೆಗೆ. ಎಇಎಸ್ ಸಮಾವೇಶದಷ್ಟು ಪಾಠ ಅಲ್ಲಿ ಇರುವುದಿಲ್ಲ, ವ್ಯಾಪಾರ ಜಾಸ್ತಿ. ಆದರೂ ಉಪನ್ಯಾಸಗಳಿರುತ್ತವೆ, ದೊಡ್ಡ ಲೈನ್ ಅರೇಗಳನ್ನು (ಒಂದರ ಕೆಳಗೆ ಒಂದು ತೂಗುಹಾಕಿದ ಸ್ಪೀಕರ್ ಸಾಲು) ಕಿವಿಯಾರೆ ಕೇಳಬಹುದು. ದಾವಣಗೆರೆಯಿಂದ ಹುಬ್ಬಳ್ಳಿ ಮೇಲೆ ರೈಲಿನಲ್ಲಿ ಹೋಗಿ ಬರಬಹುದು.

ಹೋಗದೆ ಏನಾದರೂ ಕಲಿಯೋಕೆ ಆಗುತ್ತಾ?

ಆಗುತ್ತದೆ. ಸದಸ್ಯರಾದರೆ ಸಂಘದ ಹಳೆಯ ಉಪನ್ಯಾಸಗಳು, ಆನ್‌ಲೈನ್ ಕಾರ್ಯಕ್ರಮಗಳು ಸಿಗುತ್ತವೆ. ಎಇಎಸ್‌ಗೆ ಭಾರತದ ಘಟಕವೂ ಇದೆ. ಆಸಕ್ತಿ ಇರುವ ವಿದ್ಯಾರ್ಥಿಗಳು ಸೇರಿ, ಒಬ್ಬ ಅಧ್ಯಾಪಕರು ಸಲಹೆಗಾರರಾದರೆ, ಕಾಲೇಜಿನಲ್ಲೇ ವಿದ್ಯಾರ್ಥಿ ಘಟಕ ಕಟ್ಟಬಹುದು. ದಾವಣಗೆರೆಯಲ್ಲಿ ಅಂಥದ್ದೊಂದು ಆಗಲಿ ಅನ್ನುವುದು ನನ್ನ ದೊಡ್ಡ ಆಸೆ. ಬಿಐಇಟಿಯವರು, ಯುಬಿಡಿಟಿಯವರು, ಮೈಕ್ ಸೆಟ್ಟಿನವರು, ರಂಗಾಯಣದ ಹುಡುಗರು ತಿಂಗಳಿಗೊಮ್ಮೆ ಒಂದು ಕೋಣೆಯಲ್ಲಿ ಕೂತು ಒಬ್ಬರ ಕೆಲಸ ಇನ್ನೊಬ್ಬರು ಕೇಳಿದರೆ ಅದೇ ಕ್ರಿಟಿಕ್. ಒಂದು ನಿಯಮ ಇಟ್ಟುಕೊಳ್ಳಿ: 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಅನ್ನುವಂತಿಲ್ಲ. ಎಷ್ಟನೇ ಸೆಕೆಂಡಿನಲ್ಲಿ ಏನು ಕೇಳಿಸಿತು ಅಂತಲೇ ಹೇಳಬೇಕು.

ನನ್ನ ಮಗಳಿಗೆ ಇದರಲ್ಲಿ ಆಸಕ್ತಿ. ಹುಡುಗಿಯರಿಗೆ ಈ ಕೆಲಸ ಸರಿಹೋಗುತ್ತಾ?

ಖಂಡಿತ ಸರಿಹೋಗುತ್ತದೆ. ಭಾರದ ಬಾಕ್ಸ್ ಎತ್ತುವುದೊಂದೇ ಧ್ವನಿಯ ಕೆಲಸ ಅಲ್ಲ, ಅದನ್ನೂ ಯಾರೂ ಒಬ್ಬರೇ ಎತ್ತುವುದಿಲ್ಲ. ಸ್ಟುಡಿಯೊ, ಸಿನಿಮಾ ಡಬ್ಬಿಂಗ್, ರೇಡಿಯೊ, ಸಂಶೋಧನೆ, ಸಾಫ್ಟ್‌ವೇರ್ ಎಲ್ಲ ಕಡೆ ಹೆಣ್ಣುಮಕ್ಕಳು ಇದ್ದಾರೆ. ಮಗಳನ್ನು ಒಮ್ಮೆ ಆಕಾಶವಾಣಿ ಚಿತ್ರದುರ್ಗಕ್ಕೆ, ಮೊದಲೇ ಕೇಳಿಕೊಂಡು, ಕರೆದುಕೊಂಡು ಹೋಗಿ ಸ್ಟುಡಿಯೊ ತೋರಿಸಿ. ನೀವೂ ಒಳಗೆ ನೋಡಿದ ಮೇಲೆ ನಿಮ್ಮ ಅರ್ಧ ಚಿಂತೆ ಕಡಿಮೆ ಆಗುತ್ತದೆ.

ಇದನ್ನು ಓದಿದರೆ ಕೆಲಸ ಸಿಗುತ್ತಾ? ಎಲ್ಲಿ ಓದಬೇಕು?

ಸಿಗುತ್ತದೆ, ಆದರೆ ಕ್ಯಾಂಪಸ್ಸಿಗೆ ಬಸ್ಸಿನಲ್ಲಿ ಬಂದು ಕರೆದುಕೊಂಡು ಹೋಗುವ ಕೆಲಸ ಅಲ್ಲ. ಪರಿಚಯ ಮತ್ತು ಮಾಡಿ ತೋರಿಸಿದ ಕೆಲಸದಿಂದ ಸಿಗುತ್ತದೆ. ಉದ್ಯೋಗ ಮೇಳ ಮುಖ್ಯ ಆಗುವುದು ಅದಕ್ಕೇ.

ಹತ್ತಿರದಲ್ಲಿ ಅಂದರೆ ಬೆಂಗಳೂರಿನ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಇದೆ. ಧ್ವನಿಗ್ರಹಣದಲ್ಲಿ ಡಿಪ್ಲೊಮಾ ಓದಬಹುದು. ಸರ್ಕಾರಿ ಶುಲ್ಕ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ಈ ಸಂಸ್ಥೆಯ ವಿಷಯವೇ ಗೊತ್ತಿಲ್ಲ, ದಯವಿಟ್ಟು ನಾಲ್ಕು ಜನಕ್ಕೆ ಹೇಳಿ. ಡಿಗ್ರಿ ಆದವರಿಗೆ ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ (ಎಫ್‌ಟಿಐಐ), ಕೋಲ್ಕತ್ತದ ಸತ್ಯಜಿತ್ ರೇ ಸಿನಿಮಾ ಸಂಸ್ಥೆ. 2009ರಲ್ಲಿ ಧ್ವನಿ ಮಿಶ್ರಣಕ್ಕೆ ಆಸ್ಕರ್ ಪಡೆದ ರಸೂಲ್ ಪೂಕುಟ್ಟಿ ಪುಣೆಯ ಸಂಸ್ಥೆಯಲ್ಲಿ ಓದಿದವರು. ಕಿವಿಯ ವಿಜ್ಞಾನದಲ್ಲಿ ಆಸಕ್ತಿ ಇದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಮಾಸ್ಟರ್ಸ್ ಓದುವವರಿಗೆ ಎಇಎಸ್‌ನ ಶಿಕ್ಷಣ ಪ್ರತಿಷ್ಠಾನ ಸಹಾಯಧನ ಕೊಡುತ್ತದೆ.

ಗಣಪತಿ ಮೆರವಣಿಗೆಯಲ್ಲಿ ಡಿಜೆ ಪಕ್ಕ ಕೆಲಸ ಮಾಡ್ತೀನಿ. ಕಿವಿಗೆ ಏನಾದರೂ ಆಗುತ್ತಾ?

ಆಗುತ್ತದೆ, ಮತ್ತು ಹೋದದ್ದು ವಾಪಸ್ ಬರುವುದಿಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧ ಆಗುತ್ತದೆ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ಮೆರವಣಿಗೆಯ ಬಾಕ್ಸಿನ ಮುಂದೆ 100 ದಾಟುವುದು ದೊಡ್ಡ ವಿಷಯವೇ ಅಲ್ಲ. ಕೆಲಸ ಮುಗಿದ ಮೇಲೆ ಕಿವಿಯಲ್ಲಿ ಕುಂಯ್ ಅಂತ ಉಳಿದರೆ ಅದು ಎಚ್ಚರಿಕೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಂಜಿನ ಇಯರ್ ಪ್ಲಗ್ ಕೂಡ ಸಾಕಷ್ಟು ಕಾಪಾಡುತ್ತದೆ. ಅದನ್ನು ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಎಳೆದು, ಒಳಗೆ ಹಾಕಿ ಉಬ್ಬುವ ತನಕ ಒತ್ತಿ ಹಿಡಿಯಬೇಕು. ಸುಮ್ನೆ ಕಿವಿಯ ತುದಿಗೆ ಸಿಕ್ಕಿಸಿದರೆ ಕೆಲಸ ಮಾಡುವುದಿಲ್ಲ. ಈ ಕೆಲಸದಲ್ಲಿ ಕಿವಿಯೇ ನಿಮ್ಮ ಹೊಟ್ಟೆಪಾಡು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕುವಂತಿಲ್ಲ ಅನ್ನುವ ನಿಯಮವೂ ನೆನಪಿರಲಿ.

ಸಮಾವೇಶಕ್ಕೆ ಹೋದರೆ ದಿನ ಹೇಗೆ ಕಳೆಯಬೇಕು?

ಮೊದಲ ದಿನವೇ ಪ್ರದರ್ಶನದ ಮಳಿಗೆಗಳಿಗೆ ನುಗ್ಗಬೇಡಿ. ಅಲ್ಲಿ ಬೆಳಗಿನಿಂದ ಸಂಜೆ ಆಗಿದ್ದೇ ಗೊತ್ತಾಗುವುದಿಲ್ಲ, ಕೈಯಲ್ಲಿ ಚೀಲದ ತುಂಬ ಬ್ರೋಷರ್ ಉಳಿಯುತ್ತದೆ. ವಿದ್ಯಾರ್ಥಿ ಸಭೆ, ಕ್ರಿಟಿಕ್, ಮಾರ್ಗದರ್ಶನದ ಅವಧಿ, ಇವುಗಳ ಸಮಯ ಮೊದಲು ಗುರುತು ಮಾಡಿಕೊಳ್ಳಿ. ನಿಮ್ಮ ವಿಷಯಕ್ಕೆ ಸಂಬಂಧವೇ ಇಲ್ಲದ ಒಂದು ಪ್ರಬಂಧದ ಅವಧಿಗೂ ಹೋಗಿ ಕೂರಿ. ಪೂರ್ತಿ ಅರ್ಥ ಆಗದಿದ್ದರೂ ಪರವಾಗಿಲ್ಲ, ಪ್ರಶ್ನೆ ಹೇಗೆ ಕೇಳುತ್ತಾರೆ ಅಂತ ನೋಡುವುದೇ ಒಂದು ಪಾಠ. ಯಾರ ಹತ್ತಿರವಾದರೂ ಕಾರ್ಡ್ ತೆಗೆದುಕೊಂಡರೆ ಅದರ ಹಿಂದೆ ಏನು ಮಾತಾಡಿದಿರಿ ಅಂತ ಬರೆದಿಡಿ. ವಾರದೊಳಗೆ ಅವರಿಗೆ ಚಿಕ್ಕದಾಗಿ ಇಮೇಲ್ ಹಾಕಿ, ಜೊತೆಗೆ ನಿಮ್ಮ ರೆಕಾರ್ಡಿಂಗಿನ ಲಿಂಕ್ ಕಳಿಸಿ.

ನಾನು ಈಗ ಪಿಯುಸಿ. ಇವತ್ತಿನಿಂದಲೇ ಏನು ಶುರು ಮಾಡಲಿ?

ಫಿಸಿಕ್ಸ್ ಪುಸ್ತಕದ ಅಲೆಗಳ ಅಧ್ಯಾಯವನ್ನು ಪರೀಕ್ಷೆಗೆ ಅಂತಲ್ಲದೆ ಇನ್ನೊಮ್ಮೆ ಓದಿ. ಮೊಬೈಲಿನಲ್ಲಿ ನಿಮ್ಮ ಅಜ್ಜಿಯ ಸೋಬಾನೆ ಪದ ಒಂದನ್ನು ಮೂರು ಕಡೆ ರೆಕಾರ್ಡ್ ಮಾಡಿ: ಅಡುಗೆಮನೆಯಲ್ಲಿ, ಪಡಸಾಲೆಯಲ್ಲಿ, ಅಂಗಳದಲ್ಲಿ. ಫೋನ್ ಇಟ್ಟ ದೂರ ಮೂರೂ ಕಡೆ ಒಂದೇ ಇರಲಿ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಏನೇನು ವ್ಯತ್ಯಾಸ ಅಂತ ನೋಟ್‌ಬುಕ್ಕಿನಲ್ಲಿ ಬರೆದು ಇಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ಸಿದ್ಧವಾಗಿರಲಿ, ಹೆಸರಘಟ್ಟದ ಸಂಸ್ಥೆಯ ಅರ್ಜಿಗೆ ಬೇಕಾಗಬಹುದು.